ನೀರಿನ ವಹಿ



ನೂರು ವರ್ಷ ತುಂಬಿದ ಈ ಶಾಲೆಯ ಸಾಧನೆಗಳನ್ನು ನಮಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಬಣ್ಣಿಸಿದ್ದಾರೆ. ನಮ್ಮ ಪಾಲಿಗೆ ಬಂದ ಸ್ವಲ್ಪ ಸಮಯವನ್ನು ಕಟ್ಟಡದ ಹಿಂದಿರುವ ಎರಡು ಗುಂಟೆ ನೆಲಕ್ಕಾಗಿ ಬಳಸಲು ಅಪ್ಪಣೆ ಬೇಡುತ್ತೇವೆ. ಆ ತೋಟದಲ್ಲಿ ಬೆಳೆಯುವ ಬದನೆ, ಮೆಂತ್ಯೆ, ತೊಗರಿಗಳು ಸಂತೆಯಲ್ಲಿಯೂ ಸಿಗುತ್ತವೆ. ಆದರೆ ಅಲ್ಲಿ ಮಕ್ಕಳು ಕಲಿಯುವುದು ಸಂತೆಯಲ್ಲಿ ಸಿಗುವಂಥದಲ್ಲ.

ನಾವಿರುವುದು ಸೊಲ್ಲಾಪುರದಲ್ಲಿ. ಈ ಊರಿನ ನಡುವೆಯೇ ಒಂದು ಕೆರೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ತೋಡಿಸಿದ ಕೆರೆಯದು. ಅಲ್ಲಮಪ್ರಭುಗಳು ಬಂದು ಅವರನ್ನು ಒಡ್ಡರಾಮನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಮಣ್ಣು ಹೊರುವ ಕಾಯಕ ಅಷ್ಟರಮಟ್ಟಿಗೆ ಅವರ ಹೆಸರಿಗೆ ಅಂಟಿಕೊಂಡಿತ್ತು. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳನ್ನು ಕಂಡು ಕೈಮುಗಿಯುವ ನಾವು, ಅವರ ಮೊದಲ ಗುರುತು ನೀರು ಎಂಬುದನ್ನು ಮರೆಯಬಾರದು. ಸಮುದಾಯವನ್ನು ಮುನ್ನಡೆಸುವುದೆಂದರೇನು ಎಂಬ ಪ್ರಶ್ನೆಗೆ ನಮ್ಮ ಊರು ಎಂಟುನೂರು ವರ್ಷಗಳ ಹಿಂದೆಯೇ ಒಂದು ಉತ್ತರ ಕೊಟ್ಟಿದೆ.

ಪರಿಸರ ಶಿಕ್ಷಣವನ್ನು ಶಾಲೆಯ ಎಲ್ಲ ಹಂತಗಳಲ್ಲಿ ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿತು. ಶಾಲೆಗಳಲ್ಲಿ ಪೋಷಣೆಯ ತೋಟಗಳನ್ನು ಬೆಳೆಸುವುದಕ್ಕೆ ಕೇಂದ್ರ ಸರಕಾರವು 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಾಲಭಾರತಿಯ ‘ಪರಿಸರ ಅಭ್ಯಾಸ’ ಪುಸ್ತಕ ನಮ್ಮ ಮಕ್ಕಳ ಕೈಯಲ್ಲಿ ಕನ್ನಡದಲ್ಲಿಯೇ ಇದೆ. ಇವೆಲ್ಲ ಬೇಕಾದವುಗಳೇ. ಆದರೆ ಪುಟದಲ್ಲಿ ಓದಿದ ನೀರಿಗೆ ತೂಕವಿರುವುದಿಲ್ಲ. ಹದಿನೈದು ಲೀಟರಿನ ಕೊಡ ಹೊತ್ತಾಗಲೇ ಅದರ ಭಾರ ತಿಳಿಯುವುದು.

ನಮ್ಮದು ಎರೆಭೂಮಿ. ನೀರು ಕುಡಿದಾಗ ಉಬ್ಬುವ, ಬೇಸಗೆಯಲ್ಲಿ ಅಂಗೈ ಹೋಗುವಷ್ಟು ಬಿರಿಯುವ ಮಣ್ಣು. ಹಿಂಗಾರಿ ಮಳೆಯನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಚಳಿಗಾಲವಿಡೀ ಬಿಳಿಜೋಳವನ್ನು ಸಾಕುವ ಮಣ್ಣು. ಹಳ್ಳಿಯಿಂದ ಬಂದ ಅಜ್ಜ ಅಜ್ಜಿಯರಿಗೆ ಇದು ಹೇಳಬೇಕಾದ ಮಾತಲ್ಲ. ಆದರೆ ಮಗ್ಗದ ಸದ್ದಿನಲ್ಲಿ, ಸಿಮೆಂಟಿನ ಓಣಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಎಳ್ಳಮಾವಾಸ್ಯೆಯ ಚರಗವೆಂದರೆ ಸಜ್ಜಿರೊಟ್ಟಿಯ ಬುತ್ತಿ ಮಾತ್ರ. ಚರಗ ಚೆಲ್ಲುವುದು ಏಕೆಂಬುದು ಅದಕ್ಕೆ ತಿಳಿಯುವುದು ತೋಟದಲ್ಲಿಯೇ.

ಒಮ್ಮೆ ಅಗೆಯುವಾಗ ಎರೆಹುಳು ಸಿಕ್ಕಿತು. ಮನೆಯಲ್ಲಿ ಮರಾಠಿ ಆಡುವ ಹುಡುಗ ‘ಗಾಂಡೂಳ’ ಎಂದ. ತೆಲುಗು ಮನೆಯ ಹುಡುಗಿ ‘ವಾನಪಾಮು’ ಎಂದಳು. ನಾಲ್ಕನೆಯ ಇಯತ್ತೆಯ ಮಗುವೊಂದು, “ಎರೆ ಅಂದರೆ ನಮ್ಮ ಮಣ್ಣೂ ಹೌದಲ್ಲವೇ?” ಎಂದು ಕೇಳಿತು. ಹುಳುವಿನ ಹೆಸರಿನಲ್ಲಿಯೂ ಮಣ್ಣಿನ ಹೆಸರಿನಲ್ಲಿಯೂ ಒಂದೇ ಸದ್ದು ಕೇಳಿದ ಆ ಮಗುವಿಗೆ, ಭಾಷೆಯ ಬಗೆಗೆ ನಾವು ಒಂದು ವಾರ ಹೇಳಬಹುದಾದ ಪಾಠ ಒಂದು ಕ್ಷಣದಲ್ಲಿ ಮುಗಿದಿತ್ತು. ಕನ್ನಡ ಶಾಲೆ ಉಳಿಯಬೇಕಾದರೆ ಕನ್ನಡಕ್ಕೆ ಇಂಥ ಕೆಲಸಗಳು ಉಳಿಯಬೇಕು.

ಸೊಲ್ಲಾಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯಾದರೆ ಒಂದು ಲೀಟರು ನೀರು. ಹಾಗಾದರೆ 200 ಚದರ ಮೀಟರಿನ ನಮ್ಮ ಮಾಳಿಗೆಯ ಮೇಲೆ ಬೀಳುವುದು 1,10,000 ಲೀಟರು. ಐದನೆಯ ಒಂದು ಪಾಲು ಆರಿಹೋದರೂ 88,000 ಲೀಟರು ಉಳಿಯುತ್ತದೆ. ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದವರು ಏಳನೆಯ ಇಯತ್ತೆಯ ಮಕ್ಕಳು. ಉತ್ತರ ಕಂಡು ಅವರೇ ಬೆರಗಾದರು. ಅಂದಿನಿಂದ ಮಾಳಿಗೆಯ ನೀರು ಗಟಾರಕ್ಕೆ ಹೋಗುತ್ತಿಲ್ಲ. ತೊಟ್ಟಿ ತುಂಬಿ ಮಿಕ್ಕದ್ದು ಇಂಗುಗುಂಡಿಗೆ ಇಳಿಯುತ್ತದೆ. ಆ ವರ್ಷವೇ ಮಕ್ಕಳು ನೀರಿನ ವಹಿಯೊಂದನ್ನು ತೆರೆದರು. ಯಾವ ಮಡಿಗೆ ಎಷ್ಟು ಕೊಡ, ಯಾರ ಪಾಳಿ ಎಂಬುದೆಲ್ಲ ಅದರಲ್ಲಿ ದಿನವೂ ದಾಖಲಾಗುತ್ತದೆ.

ಇನ್ನು, ಹೇಳಲು ನಮಗೆ ಸಂಕೋಚವಾಗುವ ಸಂಗತಿಯೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ, ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತಿದ್ದ ಬೇಸಗೆ. ಎಲ್ಲ ಮಡಿಗಳನ್ನೂ ಉಳಿಸಿಕೊಳ್ಳಲಾಗದೆಂದು ಮಕ್ಕಳು ಸಭೆ ಸೇರಿ ತೀರ್ಮಾನಿಸಿದ್ದರು. ಹೂವಿನ ಮಡಿಗಳನ್ನು ಬಿಟ್ಟುಕೊಟ್ಟು, ಮಧ್ಯಾಹ್ನದ ಊಟಕ್ಕೆ ಒದಗುವ ಬದನೆಯನ್ನು ಉಳಿಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಆ ನಡುವೆ ಶಾಲೆಗೆ ಅತಿಥಿಗಳು ಬರುವವರಿದ್ದರು. ಅಂಗಳದ ಹೂಗಿಡಗಳು ಬಾಡಿ ನಿಂತದ್ದು ನಮಗೆ ಅವಮಾನವೆನಿಸಿತು. ತೋಟದ ತೊಟ್ಟಿಯಿಂದ ನೀರೆತ್ತಿ ಆ ಹೂಗಿಡಗಳಿಗೆ ಹಾಕಿಸಿದೆವು. ಮಕ್ಕಳನ್ನು ಕೇಳಲಿಲ್ಲ.

ಮರುದಿನ ವಹಿಯಲ್ಲಿ ಒಂದು ಸಾಲಿತ್ತು: “ಅತಿಥಿಗಳಿಗಾಗಿ, 12 ಕೊಡ.” ಕೆಳಗೆ ನೀರಿನ ಪಾಳಿಯ ಹುಡುಗಿಯ ಸಹಿ. ದೂರಿಲ್ಲ, ಆಕ್ಷೇಪವಿಲ್ಲ, ಬರಿಯ ಲೆಕ್ಕ. ಬದನೆಯ ಒಂದು ಮಡಿ ಆ ವಾರ ಒಣಗಿತು. ಅದನ್ನೂ ಆಕೆ ಬರೆದಳು.

ಆ ಸಾಲನ್ನು ಕಂಡಾಗ ನಮಗೆ ಮೊದಲು ಬಂದದ್ದು ಸಿಟ್ಟು ಎಂಬುದನ್ನು ಮುಚ್ಚಿಡಲಾರೆವು. ಹುಡುಗಿಯನ್ನು ಕರೆಸಿದೆವು. ತಪ್ಪು ಬರೆದಿದ್ದೇನೆಯೇ ಎಂದು ಆಕೆ ಕೇಳಿದಳು. ತಪ್ಪಿರಲಿಲ್ಲ, ಹನ್ನೆರಡೇ ಕೊಡ. ಮರುದಿನದ ಪ್ರಾರ್ಥನೆಯ ವೇಳೆಯಲ್ಲಿ ಆ ಸಾಲನ್ನು ನಾವೇ ಓದಿದೆವು. ಅಪ್ಪಣೆ ಕೊಟ್ಟವರು ನಾವೇ ಎಂದು ಒಪ್ಪಿಕೊಂಡೆವು. ಅಲ್ಲಿಂದ ಮುಂದೆ ಶಿಕ್ಷಕರು ತೊಟ್ಟಿಯ ನೀರು ತೆಗೆದುಕೊಂಡರೂ ವಹಿಯಲ್ಲಿ ಬರೆಯುವ ನಿಯಮವಾಯಿತು.

ಮುಂದಾಳುತನವೆಂದರೆ ವೇದಿಕೆ ಹತ್ತಿ ಮಾತನಾಡುವುದೆಂದು ನಾವು ಮಕ್ಕಳಿಗೆ ಬಹುಕಾಲ ಕಲಿಸುತ್ತ ಬಂದೆವು. ಎಲ್ಲರಿಗೂ ಸೇರಿದ್ದನ್ನು ಎಲ್ಲರ ಮುಂದೆ ಲೆಕ್ಕವಿಡುವುದು, ಆ ಲೆಕ್ಕದಲ್ಲಿ ದೊಡ್ಡವರ ಹೆಸರನ್ನೂ ಬಿಡದಿರುವುದು ಮುಂದಾಳುತನವೆಂದು ಆ ಹುಡುಗಿ ನಮಗೆ ಕಲಿಸಿದಳು.

ಆ ವಹಿ ಈಗ ಶಾಲೆಯ ಗೇಟು ದಾಟಿದೆ. ಅಡುಗೆಮನೆಯ ಸಿಪ್ಪೆಯನ್ನು ಒಣ ಬೇವಿನೆಲೆಯೊಡನೆ ಪದರಪದರವಾಗಿ ಹಾಕಿ ಗೊಬ್ಬರ ಮಾಡುವುದನ್ನು ತೋಟದಲ್ಲಿ ಕಲಿತ ಮಕ್ಕಳು ಮನೆಯಲ್ಲಿ ಹಸಿ ಕಸ, ಒಣ ಕಸಗಳನ್ನು ಬೇರೆ ಮಾಡಿಸುತ್ತಿದ್ದಾರೆ. ದಿನವಿಡೀ ಬೀಡಿ ಕಟ್ಟುವ ತಾಯಂದಿರು ಮೊದಮೊದಲು ನಕ್ಕರು. ಈಗ ಸಿಪ್ಪೆಯ ಡಬ್ಬಿಯನ್ನು ಅವರೇ ಕೊಟ್ಟು ಕಳಿಸುತ್ತಾರೆ. ಓಣಿಯೊಂದರಲ್ಲಿ ಒಡೆದ ನಳದಿಂದ ಹರಿದು ಹೋಗುವ ನೀರನ್ನು ಮಕ್ಕಳು ಗಡಿಯಾರ ಹಿಡಿದು ಅಳೆದು, ಲೆಕ್ಕಸಹಿತ ಅರ್ಜಿ ಬರೆದರು. ಬರಿಯ ದೂರಿಗೆ ಸಿಗದ ಕಿವಿ ಲೆಕ್ಕಕ್ಕೆ ಸಿಕ್ಕಿತು, ನಳ ದುರಸ್ತಿಯಾಯಿತು.

ಇಷ್ಟನ್ನು ಹೇಳಲು ಕಾರಣವಿದೆ. ಶತಮಾನೋತ್ಸವದ ನೆನಪಿಗೆ ಹೊಸ ಕೋಣೆಗಳನ್ನು ಕಟ್ಟಬೇಕು, ಅದಕ್ಕೆ ಹಿಂದಿನ ತೋಟದ ಜಾಗವೇ ಅನುಕೂಲ ಎಂಬ ಸಲಹೆ ಬಂದಿದೆ. ಕೆಲವು ಅಂಗಡಿಗಳನ್ನೂ ಕಟ್ಟಿದರೆ ಬಾಡಿಗೆ ಬಂದೀತು ಎಂಬ ಮಾತೂ ಇದೆ. ಸಲಹೆ ಕೊಟ್ಟವರು ಶಾಲೆಯ ಹಿತೈಷಿಗಳು. ಅವರ ಕಳಕಳಿಯಲ್ಲಿ ನಮಗೆ ಸಂಶಯವಿಲ್ಲ. ಕೋಣೆಗಳ ಕೊರತೆ ನಿಜ, ಹಣದ ಕೊರತೆಯೂ ನಿಜ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಲು ಪಾಲಕರು ಹಿಂಜರಿಯುವ ಈ ಕಾಲದಲ್ಲಿ ಕಟ್ಟಡ ಚೆಂದವಿರಬೇಕೆಂಬುದನ್ನೂ ಒಪ್ಪುತ್ತೇವೆ. ಆದರೆ ಕೋಣೆಯನ್ನು ಮಾಳಿಗೆಯ ಮೇಲೆ ಕಟ್ಟಬಹುದು. ಮಣ್ಣನ್ನು ಮಾಳಿಗೆಗೆ ಏರಿಸಲಾಗದು. ಒಮ್ಮೆ ಕಾಂಕ್ರೀಟು ಬಿದ್ದ ನೆಲದಲ್ಲಿ ಎರೆಹುಳು ಮತ್ತೆ ಸಿಗುವುದಿಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಕೋಣೆಗಳಿಗೆ ನೆರವಾಗಿರಿ, ಅವು ಮೇಲಂತಸ್ತಿನಲ್ಲಿ ಏಳಲಿ. ತೋಟಕ್ಕೆ ನಿಮ್ಮ ಹೆಸರಿನ ಫಲಕ ಬೇಡ. ವರ್ಷಕ್ಕೊಂದು ದಿನ ನಿಮ್ಮ ಕೈ ಬೇಕು. ಪಾಲಕರಲ್ಲಿ ವಿನಂತಿ: ಮಗುವಿನ ಅಂಗಿಗೆ ಮಣ್ಣಾಯಿತೆಂದು ನೊಂದುಕೊಳ್ಳಬೇಡಿರಿ, ಆ ದಿನ ಏನು ಬಿತ್ತಿದೆ ಎಂದು ಕೇಳಿರಿ. ಆಡಳಿತ ಮಂಡಳಿಯ ಹಿರಿಯರಲ್ಲಿ ವಿನಂತಿ: ಈ ನೆಲದ ಬಗೆಗೆ ತೀರ್ಮಾನಿಸುವ ಸಭೆಗೆ ಮಕ್ಕಳ ಇಬ್ಬರು ಪ್ರತಿನಿಧಿಗಳನ್ನು ಕರೆಯಿರಿ. ಅವರು ವಹಿಯನ್ನು ತರುತ್ತಾರೆ.

ಸಿದ್ಧರಾಮರ ಕೆರೆಯಲ್ಲಿ ಯಾರು ಎಷ್ಟು ಬುಟ್ಟಿ ಮಣ್ಣು ಹೊತ್ತರೆಂಬ ಲೆಕ್ಕ ನಮ್ಮ ಕೈಯಲ್ಲಿಲ್ಲ, ಆದರೆ ಕೆರೆಯಿದೆ. ನಮ್ಮ ಮಕ್ಕಳ ಕೈಯಲ್ಲಿ ಲೆಕ್ಕವಿದೆ. ತೋಟವೂ ಇರಲಿ.