ನಗಿಸುವವನೇ ನಾಯಕ: ಪ್ರೇಮ ಕಾದಂಬರಿಯಲ್ಲಿ ಹಾಸ್ಯದ ಪಾಲು



ಪ್ರೇಮ ಕಾದಂಬರಿ ಎಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಅದರಲ್ಲಿ ನಗುವೂ ಇದ್ದರಂತೂ ಹೊತ್ತು ಕಳೆಯುವ ಪುಸ್ತಕ ಎಂದು ಬದಿಗಿಡುತ್ತಾರೆ. ಈ ತಾತ್ಸಾರಕ್ಕೆ ಆಧಾರವಿಲ್ಲ ಎಂದು ವಾದಿಸಲು ನಿಮ್ಮ ಮುಂದೆ ನಿಂತಿದ್ದೇನೆ. ನಮ್ಮನ್ನು ನಗಿಸಿದ ಪಾತ್ರವೇ ಅಳಿಸಿದಾಗ ಪ್ರೇಮಕಥೆಗೆ ಬರುವ ಆಳ, ಬರೀ ಕಣ್ಣೀರನ್ನು ನೆಚ್ಚಿದ ಕಥೆಗೆ ದಕ್ಕುವುದಿಲ್ಲ.

ಹಾಸ್ಯ ಹುಟ್ಟುವುದೇ ಶೃಂಗಾರದಿಂದ ಎಂದು ನಾಟ್ಯಶಾಸ್ತ್ರ ಹೇಳುತ್ತದೆ. ಆದರೂ ರಂಗದ ಮೇಲೆ ಅವೆರಡಕ್ಕೂ ಬೇರೆ ಬೇರೆ ಪಾತ್ರಗಳು. ಶಾಕುಂತಲದಲ್ಲಿ ಪ್ರೀತಿಸುವವನು ದುಷ್ಯಂತ, ನಗಿಸುವವನು ವಿದೂಷಕ. ಎರಡನೆಯ ಅಂಕದಲ್ಲಿ ರಾಜ ತನ್ನ ಪ್ರೀತಿಯನ್ನು ವಿದೂಷಕನಿಗೆ ಹೇಳಿಕೊಂಡು, ಆಮೇಲೆ ಅದೆಲ್ಲ ತಮಾಷೆಗೆ ಆಡಿದ ಮಾತು ಎಂದು ಅವನನ್ನು ಊರಿಗೆ ಸಾಗಹಾಕುತ್ತಾನೆ. ವಿದೂಷಕ ನಂಬಿಬಿಡುತ್ತಾನೆ. ಮುಂದೆ ರಾಜನಿಗೆ ಮರೆವು ಕವಿದಾಗ ನೆನಪಿಸಬಹುದಾಗಿದ್ದ ಒಬ್ಬನೂ ಹೀಗೆ ಬಾಯಿ ಕಟ್ಟಿಸಿಕೊಂಡಿರುತ್ತಾನೆ. ಕಾಳಿದಾಸ ನಗುವನ್ನೂ ದುಃಖವನ್ನೂ ಎಷ್ಟು ಹತ್ತಿರ ತಂದಿದ್ದಾನೆ! ಆದರೂ ಇಬ್ಬರ ಪಾಲು ಬೇರೆಯಾಗಿಯೇ ಉಳಿಯಿತು. ನಮ್ಮ ಸಿನಿಮಾ ಕೂಡ ಬಹುಮಟ್ಟಿಗೆ ಇದೇ ಪಾಲುಪಟ್ಟಿಯನ್ನು ಮುಂದುವರಿಸಿತು: ಪ್ರೀತಿ ರಾಜ್‌ಕುಮಾರ್ ಅವರಿಗೆ, ನಗು ನರಸಿಂಹರಾಜು ಅವರಿಗೆ.

ಇಂಗ್ಲಿಷ್ ಕಾದಂಬರಿಯಲ್ಲಿ ಈ ಪಾಲುಪಟ್ಟಿಯನ್ನು ಹರಿದುಹಾಕಿದವರ ಮೊದಲ ಸಾಲಿನಲ್ಲಿ ಜೇನ್ ಆಸ್ಟಿನ್ ಇದ್ದಾಳೆ. 1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಪಾದ್ರಿ ಕಾಲಿನ್ಸನನ್ನೇ ನೋಡಿ. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು; ಗಂಡುಮಕ್ಕಳಿಲ್ಲದ್ದರಿಂದ ಮನೆ, ಆಸ್ತಿ ಎಲ್ಲ ಈ ದೂರದ ನೆಂಟನಿಗೆ. ಹಿರಿಯವಳಾದ ಜೇನ್‌ಳ ಮೇಲೆ ಕಣ್ಣಿಟ್ಟು ಬಂದವನು, ಅವಳಿಗೆ ಬೇರೆ ಕಡೆ ಕೂಡಿಬರುವಂತಿದೆ ಎಂದು ತಾಯಿ ಸೂಚಿಸಿದ್ದೇ ತಡ, ತಂಗಿ ಎಲಿಜಬೆತ್ ಕಡೆ ತಿರುಗುತ್ತಾನೆ. ಆ ತಾಯಿ ಅಗ್ಗಿಷ್ಟಿಕೆಯ ಬೆಂಕಿ ಕೆದಕಿ ಮುಗಿಸುವಷ್ಟರಲ್ಲಿ ಅವನ ಮನಸ್ಸು ಬದಲಾಗಿರುತ್ತದೆ! ಎಲಿಜಬೆತ್ ಒಲ್ಲೆನೆಂದರೆ ಅದು ಹೆಣ್ಣಿನ ಬಿಂಕವೆಂದು ತಿಳಿಯುತ್ತಾನೆ. ಓದುಗರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ಕೆಲವೇ ದಿನಗಳಲ್ಲಿ ಅದೇ ಕಾಲಿನ್ಸನಿಗೆ ಎಲಿಜಬೆತ್‌ಳ ಗೆಳತಿ ಷಾರ್ಲೆಟ್ ಹೂಂ ಎನ್ನುತ್ತಾಳೆ. ವಯಸ್ಸು 27. ರೂಪವಿಲ್ಲ, ಹಣವಿಲ್ಲ, ತವರಿಗೆ ಭಾರವಾಗುವ ಭಯ. ಮುಂದೆ ಎಲಿಜಬೆತ್ ಆ ಮನೆಗೆ ಹೋದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಷಾರ್ಲೆಟ್ ತಾನು ಕೂರುವುದಕ್ಕೆ ಹಿಂಬದಿಯ ಕೋಣೆಯನ್ನು ಆರಿಸಿಕೊಂಡಿದ್ದಾಳೆ. ಮುಂದಿನ ಕೋಣೆ ಅದಕ್ಕಿಂತ ಚೆನ್ನಾಗಿದೆ. ಆದರೆ ಅಲ್ಲಿ ಕೂತರೆ ಗಂಡ ಗಳಿಗೆಗೊಮ್ಮೆ ಬಂದು ಕೂರುತ್ತಾನೆ. ಒಬ್ಬ ಹೆಣ್ಣುಮಗಳ ಇಡೀ ಸಂಸಾರವನ್ನು ಆಸ್ಟಿನ್ ಒಂದು ಕೋಣೆಯ ಆಯ್ಕೆಯಲ್ಲಿ ಹೇಳಿ ಮುಗಿಸಿದ್ದಾಳೆ. ನಾವು ಕಾಲಿನ್ಸನನ್ನು ನೋಡಿ ಮನಸಾರೆ ನಕ್ಕಿದ್ದರಿಂದಲೇ ಈ ಕೋಣೆ ನಮ್ಮನ್ನು ಇರಿಯುತ್ತದೆ. ಆಸ್ಟಿನ್ ತಾನೂ 1802ರ ಡಿಸೆಂಬರ್‌ನಲ್ಲಿ ಒಂದು ಸಂಬಂಧಕ್ಕೆ ಸಂಜೆ ಒಪ್ಪಿ ಮರುದಿನ ಬೆಳಗ್ಗೆ ಬೇಡವೆಂದವಳು, ಕೊನೆಯವರೆಗೂ ಮದುವೆಯಾಗಲಿಲ್ಲ.

ಕನ್ನಡದಲ್ಲಿ ಪಾಲುಪಟ್ಟಿ ಹರಿಯುವ ಈ ಕೆಲಸವನ್ನು ಇನ್ನೂ ದೂರಕ್ಕೆ ಒಯ್ದವರು ಕುವೆಂಪು. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮಲೆನಾಡಿನ ಮಹಾಕಾವ್ಯ ಎನ್ನುತ್ತಾರೆ, ಸಮಾಜದ ಚಿತ್ರ ಎನ್ನುತ್ತಾರೆ. ಎರಡೂ ನಿಜ. ಆದರೆ ಹೆಸರೇ ಹೇಳುವಂತೆ ಅದು ಮೊದಲು ಪ್ರೇಮದ ಕಾದಂಬರಿ. ಮುಕುಂದಯ್ಯ-ಚಿನ್ನಮ್ಮ, ಐತ-ಪೀಂಚಲು, ಗುತ್ತಿ-ತಿಮ್ಮಿ ಎಂಬ ಮೂರು ಜೋಡಿಗಳು ತೀರ್ಥಹಳ್ಳಿ ಸೀಮೆಯ ಒಂದೇ ಕಾಡಿನಲ್ಲಿ ಎದುರಾಗುತ್ತಾರೆ. ಚಿನ್ನಮ್ಮ ಬೇಡದ ಮದುವೆಯಿಂದ ತಪ್ಪಿಸಿಕೊಳ್ಳಲು ರಾತ್ರಿಯಲ್ಲಿ ಕಾಡು ಹೊಕ್ಕುವ ಭಾಗವನ್ನು ಓದುವಾಗ ಉಸಿರು ಬಿಗಿಹಿಡಿಯಬೇಕಾಗುತ್ತದೆ. ನನ್ನ ಮಾತು ಇಲ್ಲಿ ಗುತ್ತಿಯ ಬಗ್ಗೆ.

ಗುತ್ತಿ ಸಿಂಬಾವಿ ಭರಮೈ ಹೆಗ್ಗಡೆಯವರ ಮನೆಯ ಜೀತದಾಳು, ದಲಿತ. ಹುಲಿಯ ಎಂಬ ನಾಯಿ ಸದಾ ಅವನ ಜೊತೆ. ಅದಕ್ಕೇ ಊರವರ ಬಾಯಲ್ಲಿ ಅವನು ನಾಯಿಗುತ್ತಿ. ಹಳೆಯ ಕಟ್ಟಳೆಯ ಪ್ರಕಾರ ಇಂಥವನು ಕಥೆಯಲ್ಲಿ ನಗಿಸಲು ಬರಬೇಕು, ನಗಿಸಿ ಹೋಗಬೇಕು. ಅವನು ನಗಿಸುವುದೂ ನಿಜ. ಅವನ ಮಾತು, ಹುಲಿಯನ ಪ್ರತಾಪ, ದೆವ್ವದ ಭಯ, ಮೈಮೇಲೆ ಎಳೆದುಕೊಳ್ಳುವ ಪೇಚುಗಳು ಎಲ್ಲವೂ ನಗೆಯುಕ್ಕಿಸುತ್ತವೆ. ಆದರೆ ಅವನು ದಾರಿ ಹಿಡಿದಿರುವುದು ತಿಮ್ಮಿಗಾಗಿ. ಒಡೆಯರು ಅವಳನ್ನು ಬೇರೊಬ್ಬನಿಗೆ ಗೊತ್ತುಮಾಡಿದ್ದಾರೆ. ಜೀತದಾಳಿಗೆ ಹೆಂಡತಿಯನ್ನು ಆರಿಸಿಕೊಳ್ಳುವ ಹಕ್ಕೂ ಇಲ್ಲದ ಕಾಲದಲ್ಲಿ ಅವನು ಅವಳನ್ನು ಹಾರಿಸಿಕೊಂಡು ಹೋಗುತ್ತಾನೆ. ದುಷ್ಯಂತನ ಕೆಲಸವನ್ನೂ ವಿದೂಷಕನ ಕೆಲಸವನ್ನೂ ಕುವೆಂಪು ಇವನೊಬ್ಬನಿಗೇ ಕೊಟ್ಟರು. ಕನ್ನಡ ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಗೌರವ ಒಬ್ಬ ಆಳಿಗೆ ಸಿಕ್ಕಿದ್ದನ್ನು ನಾನು ಕಾಣೆ.

ಹುಲಿಯನ ವಿಷಯಕ್ಕೆ ಬರುತ್ತೇನೆ. ನೂರಾರು ಪುಟಗಳಲ್ಲಿ ಈ ನಾಯಿ ನಮಗೆ ತಮಾಷೆಯ ಸಂಗಾತಿ. ಕೊನೆಯಲ್ಲಿ ಗುತ್ತಿ ಮತ್ತು ತಿಮ್ಮಿ ಮಳೆಗಾಲದ ತುಂಗೆಯನ್ನು ದೋಣಿಯಲ್ಲಿ ದಾಟುವಾಗ ಹುಲಿಯ ಪ್ರವಾಹದ ಪಾಲಾಗುತ್ತದೆ. ಕಾದಂಬರಿಯಲ್ಲಿ ಮನುಷ್ಯರ ಸಾವುಗಳೂ ಇವೆ, ಘೋರವಾದವು. ಆದರೆ ಓದಿದವರನ್ನು ಕೇಳಿ: ಹೆಚ್ಚಿನವರು ಮೊದಲು ನೆನೆಯುವುದು ಹುಲಿಯನನ್ನೇ. ಅಷ್ಟು ಕಾಲ ನಗಿಸಿದ್ದಕ್ಕೇ ಅದು ನಮ್ಮ ಮನೆಯ ಜೀವವಾಗಿತ್ತು. ಬರೀ ಕರುಣೆ ಹುಟ್ಟಿಸಲು ತಂದ ನಾಯಿಯಾಗಿದ್ದರೆ ಪುಟ ತಿರುವಿ ಮುಂದೆ ಹೋಗುತ್ತಿದ್ದೆವು. ನಗು ದುಃಖವನ್ನು ಹಗುರ ಮಾಡುತ್ತದೆ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಇಲ್ಲಿ ಅದು ದುಃಖದ ತೂಕವನ್ನು ಹೆಚ್ಚಿಸಿದೆ.

2010ರಲ್ಲಿ ಮೈಸೂರಿನ ರಂಗಾಯಣಕ್ಕಾಗಿ ಸಿ. ಬಸವಲಿಂಗಯ್ಯನವರು ಈ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕವಾಗಿ ರಂಗಕ್ಕೆ ತಂದರು. ಜನ ಬೆಳಗಿನವರೆಗೆ ಕದಲದೆ ಕೂತು ನೋಡಿದರು. ನಗುವಿಲ್ಲದ ಪ್ರೇಮಕಥೆ ಅಷ್ಟು ಹೊತ್ತು ಜನರನ್ನು ಹಿಡಿದಿಡಲಾರದು ಎಂಬುದು ನನ್ನ ನಂಬಿಕೆ.

ಬರೆಯುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ನಗಿಸುವ ಹೊಣೆಯನ್ನು ನಾಯಕನ ಗೆಳೆಯನಿಗೋ ಮನೆಯ ಆಳಿಗೋ ವಹಿಸಿ ಕೈತೊಳೆದುಕೊಳ್ಳಬೇಡಿ. ಪ್ರೀತಿಸುವವರೇ ನಗಲಿ, ನಗಿಸಲಿ. ಪಠ್ಯಕ್ಕೂ ಬಹುಮಾನಕ್ಕೂ ಪುಸ್ತಕ ಆರಿಸುವ ಹಿರಿಯರಲ್ಲೂ ಅಷ್ಟೇ ಕಳಕಳಿಯಿಂದ ಕೇಳುತ್ತೇನೆ: ನಗಿಸುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಪ್ರೇಮ ಕಾದಂಬರಿಯನ್ನು ಪಟ್ಟಿಯಿಂದ ಕೈಬಿಡಬೇಡಿ.