ಎರಡು ಚಿತ್ರಗಳ ನಡುವೆ ಉರಕಾಮಿ ದೇವಾಲಯ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯದ ಹಳೆಯ ಚಿತ್ರಗಳನ್ನೂ ಇಂದಿನ ಚಿತ್ರಗಳನ್ನೂ ಈ ಸಭಾಂಗಣದಲ್ಲಿ ಅಕ್ಕಪಕ್ಕದಲ್ಲಿ ತೂಗುಹಾಕಿದ್ದೇವೆ. ಅವನ್ನು ನೋಡಿ ಹೆಮ್ಮೆಪಡುವುದು ಸಹಜವೇ. ಆದರೆ ಇಂತಹ ಜೋಡಿ ಚಿತ್ರಗಳನ್ನು ಹೇಗೆ ನೋಡಬೇಕೆಂಬುದನ್ನು, ನಮಗಿಂತ ಬಹಳ ಹೆಚ್ಚು ನೊಂದ ಒಂದು ಧರ್ಮಕೇಂದ್ರದಿಂದ ಕಲಿಯೋಣವೆಂದು ನಮ್ಮ ಬಯಕೆ. ಅದು ಜಪಾನಿನ ನಾಗಸಾಕಿ ನಗರದ ಉರಕಾಮಿ.

ಉರಕಾಮಿಯ ಕ್ರೈಸ್ತರು ಇನ್ನೂರಕ್ಕೂ ಹೆಚ್ಚು ವರ್ಷ ಗುರುಗಳಿಲ್ಲದೆ, ಗುಟ್ಟಾಗಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದವರು. 1873ರಲ್ಲಿ ಗಡಿಪಾರು ಮುಗಿದು ಊರಿಗೆ ಮರಳಿದರು. ಯಾವ ಊರಮುಖ್ಯಸ್ಥನ ಮನೆಯಲ್ಲಿ ಪವಿತ್ರ ಚಿತ್ರಗಳನ್ನು ತುಳಿಯುವಂತೆ ತಮ್ಮ ಹಿರಿಯರನ್ನು ಬಲಾತ್ಕರಿಸಲಾಗಿತ್ತೋ, ಆ ನಿವೇಶನವನ್ನೇ ಕೊಂಡು 1895ರಲ್ಲಿ ದೇವಾಲಯದ ಕೆಲಸವನ್ನು ಆರಂಭಿಸಿದರು. ಅವಳಿ ಗೋಪುರಗಳು ಪೂರ್ಣಗೊಂಡದ್ದು 1925ರಲ್ಲಿ. ಅವು ನಿಂತದ್ದು ಇಪ್ಪತ್ತೇ ವರ್ಷ.

1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ದೇವಾಲಯದಿಂದ ಸುಮಾರು 500 ಮೀಟರ್ ದೂರದಲ್ಲಿ ಅಣುಬಾಂಬು ಸ್ಫೋಟಿಸಿತು. ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ ಹತ್ತಿರವಾಗಿದ್ದುದರಿಂದ ಒಳಗೆ ಪಾಪನಿವೇದನೆ ನಡೆದಿತ್ತು. ಗುರುಗಳಿಬ್ಬರೂ ಅಲ್ಲಿದ್ದ ಭಕ್ತರೂ ಮಡಿದರು. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500 ಮಂದಿ ಇಲ್ಲವಾದರು.

ಆ ದಿನಗಳ ಛಾಯಾಚಿತ್ರಗಳಲ್ಲಿ ಗೋಪುರಗಳಿಲ್ಲ, ಮಾಡಿಲ್ಲ. ಮುರಿದ ಗೋಡೆಯ ಕೆಲವು ತುಂಡುಗಳು, ಕರಕಲಾದ ಸಂತರ ಪ್ರತಿಮೆಗಳು, ಸುತ್ತಲೂ ಬರಿದಾದ ಬಯಲು ಮಾತ್ರ ಕಾಣುತ್ತವೆ. ಇಂದಿನ ಚಿತ್ರದಲ್ಲಾದರೋ ಅದೇ ದಿಬ್ಬದ ಮೇಲೆ ಅವಳಿ ಗೋಪುರಗಳ ದೇವಾಲಯ. ಸುತ್ತಲೂ ಮನೆಗಳು, ಹಸಿರು ಮರಗಳು. ಎರಡನ್ನೂ ಒಟ್ಟಿಗೆ ನೋಡಿದವರು, ಗಾಯ ಪೂರ್ಣವಾಗಿ ಮಾಯಿತೆಂದು ನಿಟ್ಟುಸಿರುಬಿಡಬಹುದು.

ಆದರೆ ಎರಡು ಚಿತ್ರಗಳ ನಡುವಿನ ವರ್ಷಗಳು ಯಾವ ಚಿತ್ರದಲ್ಲೂ ಇಲ್ಲ. ಪಾಳುಗೋಡೆಗಳನ್ನು ಸಾಕ್ಷಿಯಾಗಿ ಉಳಿಸಬೇಕೆಂದು ನಗರದಲ್ಲಿ ಅನೇಕರು ವಾದಿಸಿದರು. ಹಿರಿಯರು ಕಷ್ಟಪಟ್ಟು ಗಳಿಸಿದ ನೆಲದಲ್ಲೇ ದೇವಾಲಯವು ಮತ್ತೆ ಏಳಬೇಕೆಂಬುದು ಧರ್ಮಸಭೆಯ ನಿಲುವು. 1958ರಲ್ಲಿ ಅವಶೇಷಗಳನ್ನು ಕೆಡವಲಾಯಿತು; 1959ರಲ್ಲಿ ಹೊಸ ದೇವಾಲಯವಾಯಿತು. ಗೋಡೆಯ ಒಂದು ತುಂಡು ಸ್ಫೋಟಕೇಂದ್ರದ ಉದ್ಯಾನಕ್ಕೆ ಹೋಯಿತು. ಯಾರ ಮಾತು ಸರಿಯೆಂದು ತೀರ್ಪು ಕೊಡಲು ನಾವು ಅರ್ಹರಲ್ಲ. ಪ್ರಾರ್ಥಿಸಲು ಮನೆ ಬೇಕಿತ್ತು. ನೆನಪಿಗೂ ಒಂದು ನೆಲೆ ಬೇಕಿತ್ತು. ಎರಡೂ ನ್ಯಾಯವಾದ ಬೇಡಿಕೆಗಳೇ.

ಆದರೂ ಕಣ್ಣಿಟ್ಟು ನೋಡುವವರಿಗೆ ಹಳೆಯ ಚಿತ್ರವು ಹೊಸದರೊಳಗೇ ಕಾಣುತ್ತದೆ. ಕರಕಲಾದ ಪ್ರತಿಮೆಗಳು ಇಂದಿಗೂ ದೇವಾಲಯದ ಮುಂದಿವೆ. ಸುಮಾರು 50 ಟನ್ ತೂಕದ ಗೋಪುರದ ಗುಮ್ಮಟವು ಉರುಳಿಬಿದ್ದ ಇಳಿಜಾರಿನಲ್ಲೇ ಇದೆ. ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಉಳಿದದ್ದನ್ನು ಭಕ್ತರು ಅವಶೇಷಗಳಡಿಯಿಂದ ಅಗೆದು ತೆಗೆದು, 1945ರ ಕ್ರಿಸ್ತಜಯಂತಿಯಂದು ಬಾರಿಸಿದರು. ದೇವಾಲಯವಿಲ್ಲದ ಊರಿನಲ್ಲಿ ಗಂಟೆಯ ನಾದವೇ ಮೊದಲು ಎದ್ದು ನಿಂತಿತು! ಇನ್ನೊಂದು ಗೋಪುರ ಬಹುಕಾಲ ಮೂಕವಾಗಿತ್ತು. ಬಾಂಬು ಹಾಕಿದ ಅಮೆರಿಕದ ಕಥೋಲಿಕರೇ ಹಣ ಕೂಡಿಸಿ ಹೊಸ ಗಂಟೆಯನ್ನು ಅರ್ಪಿಸಿದರು. 2025ರ ಆಗಸ್ಟ್ 9ರಂದು, ಅದೇ 11 ಗಂಟೆ 2 ನಿಮಿಷಕ್ಕೆ, 80 ವರ್ಷಗಳ ಬಳಿಕ ಎರಡು ಗಂಟೆಗಳೂ ಒಟ್ಟಿಗೆ ಮೊಳಗಿದವು. ಈ ನಾದವನ್ನು ಯಾವ ಛಾಯಾಚಿತ್ರ ತೋರಿಸಬಲ್ಲದು?

ಪ್ರಿಯರೇ, ನಮ್ಮ ಗೋಡೆಯ ಮೇಲಿನ ಚಿತ್ರಗಳ ಮುಂದೆ ನಿಂತಾಗ, ಕಟ್ಟಡ ಎಷ್ಟು ಬೆಳೆಯಿತೆಂದು ಮಾತ್ರ ಅಳೆಯದಿರೋಣ. ಹಳೆಯ ಚಿತ್ರದಲ್ಲಿ ಹೆಸರಿಲ್ಲದೆ ನಿಂತವರು ಯಾರೆಂದು, ಅವರನ್ನು ಗುರುತಿಸಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಡೋಣ. ಯಾರೊಡನೆ ರಾಜಿಯಾಗುವುದು ಇನ್ನೂ ಬಾಕಿಯಿದೆಯೆಂದು ನಮ್ಮನ್ನೇ ಕೇಳಿಕೊಳ್ಳೋಣ. ಉರಕಾಮಿಯ ಎರಡನೆಯ ಗಂಟೆಗೆ 80 ವರ್ಷ ಬೇಕಾಯಿತು. ನಾವು ಅಷ್ಟು ಕಾಲ ಕಾಯಬೇಕಾಗಿಲ್ಲ.

ಶಾಂತಿದಾತ ಪ್ರಭುವು ನಮ್ಮೆಲ್ಲರನ್ನೂ ಹರಸಲಿ.