ಮೂರು ನಿಮಿಷದ ಕರೆ, ಮೂರು ತಾಸಿನ ಹಾಡು

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪಂಡಿತ ಭೀಮಸೇನ ಜೋಶಿಯವರ ದನಿ ನಿಮಗೆ ಮೊದಲು ಎಲ್ಲಿ ಸಿಕ್ಕಿತು ಎಂದು ಕೇಳಿದರೆ, ಇಲ್ಲಿರುವ ಹೆಚ್ಚಿನವರ ಉತ್ತರ ಒಂದೇ ಇದ್ದೀತು: ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದದಲ್ಲಿ. ಶುಕ್ರವಾರದ ಸಂಜೆ ಮನೆಯಲ್ಲಿ ಹಾಕಿದ ಕ್ಯಾಸೆಟ್ಟು, ಇಲ್ಲವೆ ಗುಡಿಯ ಧ್ವನಿವರ್ಧಕ. ಹಿರಿಯರು 1966ರ ‘ಸಂಧ್ಯಾರಾಗ’ ಚಿತ್ರವನ್ನು ನೆನೆದಾರು. 1988ರಿಂದ ದೂರದರ್ಶನದಲ್ಲಿ ಬರುತ್ತಿದ್ದ ರಾಷ್ಟ್ರೀಯ ಐಕ್ಯದ ಹಾಡಿನಲ್ಲಿ ಅವರನ್ನು ಕಂಡವರೂ ಇದ್ದಾರೆ.

ಹೀಗೆ ಪರಿಚಯವಾದವರು ಮೊದಲ ಬಾರಿ ಅವರ ಕಛೇರಿಗೆ ಹೋದಾಗ ಸ್ವಲ್ಪ ಗಲಿಬಿಲಿಗೊಳ್ಳುತ್ತಿದ್ದರು. ಗಾಯಕರು ತಂಬೂರಿಗಳ ನಡುವೆ ಕುಳಿತು ಒಂದು ರಾಗ ಹಿಡಿದರೆ ಮುಕ್ಕಾಲು ತಾಸು ಅದನ್ನು ಬಿಡುತ್ತಿರಲಿಲ್ಲ. ದಾಸರ ಪದ ಬಂದರೂ ಕೊನೆಗೆ ಬರುತ್ತಿತ್ತು. ಆದರೆ ಆ ಪದಕ್ಕಾಗಿ ಕಾದು ಕುಳಿತ ಎಷ್ಟೋ ಜನ, ಅದು ಬರುವ ಹೊತ್ತಿಗೆ ರಾಗದ ಕೇಳುಗರಾಗಿ ಬಿಟ್ಟಿರುತ್ತಿದ್ದರು. ಗಾಯಕರನ್ನು ಕಂಡುಕೊಳ್ಳುವುದು ಬೇರೆ, ಎದುರು ಕುಳಿತು ಕೇಳುವುದು ಬೇರೆ. ಈ ಎರಡರ ನಡುವಿನ ನಂಟಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮಲ್ಲಿ ಇದು ಆರಂಭವಾದದ್ದು 1902ರಲ್ಲಿ. ಆ ವರ್ಷ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಹೇಳುವುದು ಅವರ ವಾಡಿಕೆಯಾಗಿತ್ತು. ಆ ಕಾಲದ ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಈ ತಟ್ಟೆ ಮಾಡಿದ ದೊಡ್ಡ ಕೆಲಸವೆಂದರೆ, ಅರಮನೆಯ ಮತ್ತು ಶ್ರೀಮಂತರ ವಾಡೆಗಳ ಒಳಗಿದ್ದ ಸಂಗೀತವನ್ನು ಬೀದಿಗೆ ತಂದದ್ದು. ಕೇಳಲು ಯಾರ ಆಮಂತ್ರಣವೂ ಬೇಕಿರಲಿಲ್ಲ, ಅಂಗಡಿಯ ಮುಂದೆ ನಿಂತರೆ ಸಾಕಾಗಿತ್ತು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರು, ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡುತ್ತಿದ್ದುದನ್ನೂ ಕೇಳಿದ್ದನ್ನು ಅನುಕರಿಸಿ ಹಾಡುತ್ತಿದ್ದುದನ್ನೂ ನೆನೆಸಿಕೊಂಡಿದ್ದಾರೆ.

1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನರ ಕತೆ ಇನ್ನೂ ವಿಚಿತ್ರ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಜೋಟಿ ರಾಗದ ಠುಮರಿಯ ಒಂದು ತಟ್ಟೆ ಆ ಹುಡುಗನ ಕಿವಿಗೆ ಬಿತ್ತು. ಹೀಗೆಯೇ ಹಾಡಬೇಕು, ಅದಕ್ಕೊಬ್ಬ ಗುರು ಬೇಕು ಎಂಬ ಹಟ ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟ. ರೈಲಿನಲ್ಲಿ ಹಾಡುತ್ತ ಗ್ವಾಲಿಯರ್ ಮುಟ್ಟಿದ. ಕೊನೆಗೆ ಪಂಜಾಬಿನ ಜಲಂಧರ್‌ವರೆಗೂ ಹೋದ. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿಮ್ಮ ಊರ ಕಡೆಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಬುದ್ಧಿ ಹೇಳಿದರಂತೆ. ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ್, ಆ ಖಾನ್‌ಸಾಹೇಬರ ನೇರ ಶಿಷ್ಯರು. ಅವರಿದ್ದ ಕುಂದಗೋಳ ಈ ಹುಡುಗನ ಊರ ಕಡೆಯೇ ಇತ್ತು! ಗಂಗೂಬಾಯಿಯವರೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಕುಂದಗೋಳಕ್ಕೆ ಹೋಗಿ ಕಲಿತರು.

ಇಲ್ಲಿ ಒಂದು ಸಂಗತಿ ಗಮನಿಸಿ. ತಟ್ಟೆ ಈ ಹುಡುಗನನ್ನು ಮನೆಯಿಂದ ಹೊರಡಿಸಿತೇ ಹೊರತು ಹಾಡುಗಾರನನ್ನಾಗಿ ಮಾಡಲಿಲ್ಲ. ಅದಕ್ಕೆ ಗುರುವಿನ ಎದುರು ಕೂರಬೇಕಾಯಿತು.

ತಟ್ಟೆಗೆ ಏಕೆ ಸಾಧ್ಯವಾಗಲಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡೋಣ. ವಿಲಂಬಿತ ಏಕತಾಳಕ್ಕೆ ಹನ್ನೆರಡು ಮಾತ್ರೆ. ಕಿರಾಣಾದವರ ನಿಧಾನದ ಲಯದಲ್ಲಿ ಒಂದು ಆವರ್ತ ಮುಗಿಯಲು ಮುಕ್ಕಾಲು ನಿಮಿಷ ಹಿಡಿಯುವುದುಂಟು. ಹಾಗಾದರೆ ಮೂರು ನಿಮಿಷದ ತಟ್ಟೆಗೆ ನಾಲ್ಕೇ ಆವರ್ತ! ಷಡ್ಜದಲ್ಲಿ ನಿಂತು, ಕೆಳಗಿನ ಸ್ವರಗಳನ್ನು ಮುಟ್ಟಿ, ಒಂದೊಂದೇ ಸ್ವರವನ್ನು ಸೇರಿಸಿಕೊಳ್ಳುತ್ತ ತಾರಷಡ್ಜಕ್ಕೆ ಏರುವ ಬಢತ್‌ಗೆ ಅಲ್ಲಿ ಜಾಗವೆಲ್ಲಿ? ಆದ್ದರಿಂದ ಆ ಕಾಲದ ಗಾಯಕರು ತಟ್ಟೆಗಾಗಿ ಲಯ ಹೆಚ್ಚಿಸಿ, ರಾಗದ ಸಾರವನ್ನಷ್ಟೇ ಕೊಟ್ಟರು. ಅದೂ ಒಂದು ಕಲೆಯೇ. ಕೆಲವು ತಟ್ಟೆಗಳು ಇಂದಿಗೂ ರತ್ನಗಳು. ಆದರೆ ಆ ರಾಗ ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಲು ಬೈಠಕ್ಕಿಗೇ ಹೋಗಬೇಕಿತ್ತು.

ಮುಂದೆ ರೇಡಿಯೋ ಬಂತು. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಆರಂಭವಾಯಿತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಿಡಿಯುವ ಎಲ್‌ಪಿ ಬಂತು, ಕ್ಯಾಸೆಟ್ಟು ಬಂತು. ಈಗ ಮೂರು ತಾಸಿನ ಕಛೇರಿಯೂ ಅಂಗಿಯ ಕಿಸೆಯಲ್ಲಿದೆ. ಅಂದಮೇಲೆ ಎದುರು ಕೂತು ಕೇಳುವ ಅಗತ್ಯವೇನು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ನನ್ನ ಉತ್ತರ ಇಷ್ಟು. ಕಛೇರಿ ಗಾಯಕರೊಬ್ಬರ ಕೆಲಸವಲ್ಲ. ಭೀಮಸೇನರು ಹಾಡುವುದನ್ನು ಕಂಡವರಿಗೆ ನೆನಪಿದೆ: ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿದೆಳೆಯುತ್ತಿದ್ದವು, ಇಡೀ ಮೈ ತಾನಿನ ಹಿಂದೆ ಹೋಗುತ್ತಿತ್ತು. ಅದು ಪ್ರದರ್ಶನವಲ್ಲ, ದುಡಿಮೆ. ಕಂಠ ಕಾಯಲು ಹೊತ್ತು ಬೇಕಾಗುತ್ತಿತ್ತು. ಗಾಯಕರು ಒಂದು ಸಂಗತಿಯನ್ನು ಎತ್ತಿ ‘ಸಮ್’ಗೆ ತಂದು ಇಳಿಸಿದಾಗ ಸಭೆಯ ತಲೆಗಳೆಲ್ಲ ಒಮ್ಮೆಲೇ ತೂಗುತ್ತವೆ. ಆ ತೂಗಾಟ ಗಾಯಕರಿಗೆ ಕಾಣುತ್ತದೆ. ಅದೇ ಸಂಗತಿಯನ್ನು ಇನ್ನೊಂದು ಬಗೆಯಲ್ಲಿ ಹೇಳುವ ಹುರುಪು ಬರುತ್ತದೆ. ಸ್ಟುಡಿಯೋದ ಗೋಡೆ ತಲೆದೂಗುವುದಿಲ್ಲ. ನಾವು ಕಛೇರಿಯ ಧ್ವನಿಮುದ್ರಣ ಕೇಳುವಾಗಲೂ ಆ ದಿನ ಅಲ್ಲಿ ಕೂತಿದ್ದವರ ಕಿವಿಯ ಪುಣ್ಯವನ್ನೇ ಉಣ್ಣುತ್ತಿರುತ್ತೇವೆ.

ಗಾಯಕರು ಬೆಳೆಯುವುದೂ ಹೀಗೆಯೇ. 1946ರಲ್ಲಿ ಪುಣೆಯಲ್ಲಿ ಗುರುಗಳ ಅರವತ್ತರ ಸಮಾರಂಭದಲ್ಲಿ ಹಾಡಿದ ಮೇಲೆ ತರುಣ ಭೀಮಸೇನರ ಹೆಸರು ಹರಡಿತು. ಗುರುಗಳು 1952ರಲ್ಲಿ ತೀರಿಕೊಂಡಾಗ, ಮರುವರ್ಷ ಅವರ ನೆನಪಿಗೆ ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಸ್ಮಾರಕವೆಂದು ಪ್ರತಿಮೆ ನಿಲ್ಲಿಸಲಿಲ್ಲ. ಜನ ಬಂದು ಕೂತು ಕೇಳುವ ಒಂದು ಏರ್ಪಾಡು ಮಾಡಿದರು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಗುರುಗಳ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂತು.

ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ, ಗಂಗೂಬಾಯಿಯವರು 2009ರಲ್ಲಿ, ಭೀಮಸೇನರು 2011ರಲ್ಲಿ ನಮ್ಮನ್ನು ಅಗಲಿದರು. ಇಂದು ಯಾವುದೋ ಹುಡುಗಿ ಮೊಬೈಲಿನಲ್ಲಿ ಭೀಮಸೇನರ ಪುರಿಯಾ ಧನಾಶ್ರೀ ಕೇಳಿ ಬೆರಗಾಗಬಹುದು. ಅವರನ್ನು ಎದುರು ಕೂತು ಕೇಳುವ ಭಾಗ್ಯ ಅವಳಿಗಿಲ್ಲ. ಆದರೆ ಅವಳ ಊರಿನಲ್ಲೇ, ಈ ವಾರವೇ, ಅದೇ ಪರಂಪರೆಯ ಒಬ್ಬ ತರುಣ ಗಾಯಕ ಖಾಲಿ ಕುರ್ಚಿಗಳ ಮುಂದೆ ಅದೇ ರಾಗ ಹಾಡುತ್ತಿರಬಹುದು. ಸತ್ತವರ ಹಾಡನ್ನು ಯಂತ್ರ ಕಾಯುತ್ತದೆ. ಇರುವವರ ಹಾಡನ್ನು ಕಾಯಬೇಕಾದವರು ಕೇಳುಗರು.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಧ್ವನಿಮುದ್ರಿಕೆಯಲ್ಲಿ ಮೆಚ್ಚಿದ ದನಿ ಇನ್ನೂ ನಮ್ಮೊಡನೆ ಇದ್ದರೆ, ಮುಂದಿನ ಸಲ ನೋಡೋಣ ಎನ್ನಬೇಡಿ. ಹೋಗಿ ಕೇಳಿ. ಮನೆಯ ಮಕ್ಕಳಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ.